ಹೊಸ ಕಪ್ಪೆಯನ್ನು ಹೊಸದೆಂದು ಒಪ್ಪಿಸುವ ಕೆಲಸ

ಈ ಬರಹದಲ್ಲಿ ನಮ್ಮ ಕಪ್ಪೆಯ ಹೆಸರು ಬರುವುದಿಲ್ಲ. ಗುಟ್ಟು ಮಾಡುವ ಚಪಲದಿಂದಲ್ಲ. ಪ್ರಬಂಧ ಇನ್ನೂ ಅಚ್ಚಾಗಿಲ್ಲ. ವರ್ಣನೆಯಿಲ್ಲದೆ ಬರೀ ಹೆಸರು ಹೊರಬಿದ್ದರೆ ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಅದನ್ನು ‘ನೋಮೆನ್ ನುಡುಮ್’, ಅಂದರೆ ಬೆತ್ತಲೆ ಹೆಸರು, ಎಂದು ಬದಿಗೆ ತಳ್ಳುತ್ತದೆ. ಆಮೇಲೆ ಬೇರೆ ಯಾರಾದರೂ ಅದೇ ಹೆಸರನ್ನು ವರ್ಣನೆ ಸಮೇತ ಪ್ರಕಟಿಸಿದರೆ ಅದು ಅವರದಾಗುತ್ತದೆ. ಹಾಗಾಗಿ ಇಲ್ಲಿ ಅದನ್ನು ‘ನಮ್ಮ ಕಪ್ಪೆ’ ಎಂದೇ ಕರೆಯುತ್ತೇನೆ. ಅದು ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಗುಂಪಿಗೆ, ರಾವೊರ್ಕೆಸ್ಟಿಸ್ ಕುಲಕ್ಕೆ ಸೇರಿದ್ದು. ಬೆಳೆದ ಗಂಡು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಅಷ್ಟೇ.

‘ಹೊಸ ಪ್ರಭೇದ ಪತ್ತೆ’ ಎಂಬ ಸುದ್ದಿ ಬಂದಾಗಲೆಲ್ಲ ಓದುವವರ ಮನಸ್ಸಿಗೆ ಬರುವುದು ತಲೆಗೆ ಟಾರ್ಚ್ ಕಟ್ಟಿಕೊಂಡು ಮಳೆಯಲ್ಲಿ ಕಾಡು ನುಗ್ಗುವವರ ಚಿತ್ರ. ಅದು ಸುಳ್ಳಲ್ಲ. ಆದರೆ ಆ ಕೆಲಸ ನಮಗೆ ಒಂದು ಮಳೆಗಾಲದ್ದು. ಈ ಕಪ್ಪೆಗೆ ಈ ಮೊದಲೇ ಯಾರೂ ಹೆಸರಿಟ್ಟಿಲ್ಲ ಎಂದು ತೋರಿಸುವುದಕ್ಕೆ ಹಿಡಿದದ್ದು ವರ್ಷಗಳು. ಕಾಡಿನಲ್ಲಿ ಕಪ್ಪೆಯನ್ನು ಹುಡುಕಿದ್ದಕ್ಕಿಂತ ಹೆಚ್ಚು ಹೊತ್ತು ನಾನು ಸತ್ತವರು ಬರೆದಿಟ್ಟ ವರ್ಣನೆಗಳ ಒಳಗೆ ಅದನ್ನು ಹುಡುಕಿದ್ದೇನೆ, ಅಲ್ಲಿ ಸಿಗದಿರಲಿ ಎಂದು ಹಾರೈಸುತ್ತ.

ಮೊದಲು ಕೇಳಿದ್ದು, ಆಮೇಲೆ ನೋಡಿದ್ದು. ಚಾರ್ಮಾಡಿ ಘಟ್ಟದ ಮೇಲ್ಭಾಗದಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಕಡೆಗೆ, ಹುಲ್ಲುಗುಡ್ಡ ಮುಗಿದು ಶೋಲಾ ಕಾಡು ಶುರುವಾಗುವ ಅಂಚುಗಳಿವೆ. ಮುಂಗಾರು ಹಿಡಿಯುವ ಮೊದಲಿನ ಮಳೆಗೇ ಅಲ್ಲಿ ಪೊದೆಗಪ್ಪೆಗಳು ಕೂಗಲು ತೊಡಗುತ್ತವೆ. ಆ ಭಾಗದಲ್ಲಿ ಕಿವಿ ತುಂಬುವುದು ರಾವೊರ್ಕೆಸ್ಟಿಸ್ ಲುಟಿಯೋಲಸ್: ಮೊದಲು ಎಳೆದ ಟ್ರೀಈಈಕ್, ಹಿಂದೆಯೇ ಗಾಜಿಗೆ ಚಮಚ ತಾಗಿಸಿದಂತೆ ಟಿಂಕ್, ಟಿಂಕ್, ಟಿಂಕ್. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಆ ರಾತ್ರಿ ಅದರ ನಡುವೆ ಇನ್ನೊಂದು ದನಿಯಿತ್ತು. ಒಣಗಿದ ಕೂಗು, ಎಳೆತವಿಲ್ಲ, ಎರಡೆರಡಾಗಿ ಬರುವ ಟಿಕ್-ಟಿಕ್, ನಡುವೆ ಉದ್ದ ಬಿಡುವು. ನನಗೆ ಅದು ಮಿಡತೆಯೇನೋ ಅನ್ನಿಸಿತ್ತು. ಜೊತೆಗಿದ್ದ ಅರಣ್ಯ ಇಲಾಖೆಯ ವಾಚರ್ ತಲೆಯಾಡಿಸಿದರು. “ಹುಳ ಅಲ್ಲ ಮೇಡಂ, ಕಪ್ಪೆಯೇ. ಹುಳವಾದರೆ ಮಳೆ ಜೋರಾದಾಗ ನಿಲ್ಲಿಸುತ್ತದೆ. ಇದು ಜೋರಾದಾಗಲೇ ಕೂಗುವುದು.” ಅವರು ವರ್ಷಗಳಿಂದ ಆ ಬೀಟ್‌ನಲ್ಲಿ ರಾತ್ರಿ ತಿರುಗಿದವರು. ಪ್ರಬಂಧದ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ಮೊದಲಿದೆ.

ಸಣ್ಣ ಪೊದೆಗಪ್ಪೆಯನ್ನು ಕೂಗಿನ ಜಾಡಿನಲ್ಲಿ ಹಿಡಿಯುವುದಕ್ಕೆ ಒಂದು ರೂಢಿಯ ಉಪಾಯವಿದೆ. ಇಬ್ಬರು ನಾಲ್ಕೈದು ಹೆಜ್ಜೆ ಅಂತರದಲ್ಲಿ ನಿಂತು ಬೆಳಕು ಆರಿಸಬೇಕು. ಕೂಗು ಬಂದ ದಿಕ್ಕಿಗೆ ಇಬ್ಬರೂ ಆರಿದ ಟಾರ್ಚ್ ಚಾಚಿ ಹಿಡಿಯಬೇಕು, ಮುಂದಿನ ಕೂಗಿಗೆ ದಿಕ್ಕನ್ನು ತುಸು ತಿದ್ದಿಕೊಳ್ಳಬೇಕು. ಆಮೇಲೆ ಒಟ್ಟಿಗೇ ಬೆಳಕು ಹಾಕಿದರೆ ಎರಡು ಕಿರಣಗಳು ಕೂಡುವಲ್ಲೇ ಎಲ್ಲೋ ಕಪ್ಪೆ ಇರುತ್ತದೆ. ಹೇಳಲು ಸುಲಭ. ಕಾಲಿಗೆ ಉಂಬಳ ಹತ್ತುತ್ತಿರುತ್ತದೆ, ಕೈ ಜೋಮು ಹಿಡಿಯುತ್ತದೆ, ಕಪ್ಪೆಗೆ ನಮ್ಮ ಸುಳಿವು ಸಿಕ್ಕಿ ಕಾಲು ಗಂಟೆ ಬಾಯಿ ಮುಚ್ಚಿ ಕೂರುತ್ತದೆ. ನಮ್ಮ ಕಪ್ಪೆ ಕೂತಿದ್ದು ಎದೆಮಟ್ಟದ ಕುರಿಂಜಿ ಜಾತಿಯ ಪೊದೆಯ ಎಲೆಯ ಮೇಲಲ್ಲ, ಕಾಂಡದ ಮೇಲೆ, ತಲೆ ಕೆಳಗೆ ಮಾಡಿ. ಗಂಟಲಿನ ಚೀಲ ಉಬ್ಬಿದಾಗ ಟಾರ್ಚಿನ ಬೆಳಕು ಅದರ ಮೂಲಕ ಹಾದುಬರುತ್ತಿತ್ತು.

ಕಂಡ ಕೂಡಲೇ ಹಿಡಿಯುವವರು ಈ ಕೆಲಸಕ್ಕಲ್ಲ. ಮೊದಲು ದನಿ ಮುದ್ರಿಸಬೇಕು. ಮೈಕನ್ನು ಅರ್ಧ ಮೀಟರ್ ದೂರದಲ್ಲಿ ಹಿಡಿದು, ಮುಗಿದ ಮೇಲೆ ಅದೇ ಮುದ್ರಣದಲ್ಲಿ ಸ್ಥಳ, ಸಮಯ, ಗಾಳಿಯ ಉಷ್ಣಾಂಶ, ಕಪ್ಪೆ ಕೂತ ಎತ್ತರ ಎಲ್ಲವನ್ನೂ ಬಾಯಲ್ಲೇ ಹೇಳಿಬಿಡಬೇಕು. ಟಿಪ್ಪಣಿ ಪುಸ್ತಕ ನೆನೆದರೂ ಅದು ಉಳಿಯುತ್ತದೆ. ಉಷ್ಣಾಂಶ ಯಾಕೆ ಎಂದರೆ, ಕಪ್ಪೆ ತಣ್ಣನೆಯ ನೆತ್ತರಿನ ಪ್ರಾಣಿ. ಚಳಿಯ ರಾತ್ರಿಯಲ್ಲಿ ಕೂಗಿನ ಮಿಡಿತಗಳೂ ನಿಧಾನವಾಗುತ್ತವೆ. ಉಷ್ಣಾಂಶ ಬರೆದುಕೊಳ್ಳದ ಮುದ್ರಣವನ್ನು ಇನ್ನೊಂದು ಪ್ರಭೇದದ ಕೂಗಿನ ಜೊತೆ ಹೋಲಿಸಿ ‘ಇದು ನಿಧಾನ, ಅದು ಬೇಗ’ ಎಂದು ತೀರ್ಪು ಕೊಟ್ಟರೆ ಅಳೆದದ್ದು ಕಪ್ಪೆಯನ್ನಲ್ಲ, ಹವೆಯನ್ನು.

ಇದಕ್ಕೂ ಮೊದಲು ಕಾಗದಪತ್ರಗಳ ಹಂತವಿದೆ. ಸಂರಕ್ಷಿತ ಕಾಡಿನೊಳಗೆ ಸಂಶೋಧನೆಗೆ ಕಾಲಿಡಲು, ಅದರಲ್ಲೂ ಪ್ರಾಣಿಯನ್ನು ಸಂಗ್ರಹಿಸಲು, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಅನುಮತಿಯಲ್ಲಿ ಎಷ್ಟು ಮಾದರಿ, ಯಾವ ವಲಯ, ಯಾವ ತಿಂಗಳು ಎಲ್ಲ ಇರುತ್ತದೆ. ಒಂದು ಕಚೇರಿಯಲ್ಲಿ ನಮ್ಮ ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗುವಷ್ಟರಲ್ಲಿ ಆ ವರ್ಷದ ಮುಂಗಾರು ಮುಗಿದು ಕಪ್ಪೆಗಳೆಲ್ಲ ಮೌನವಾಗಿದ್ದವು. ಮುಂದಿನ ಮಳೆಗೆ ಕಾದೆವು. ಈ ನಿಯಮಗಳು ಬೇಡ ಎನ್ನುವವರ ಪೈಕಿ ನಾನಲ್ಲ; ಮಳೆಗಾಲದ ಪ್ರಾಣಿಯ ಅರ್ಜಿಯನ್ನು ಬೇಸಿಗೆಯಲ್ಲೇ ಮುಗಿಸಿಕೊಡಿ ಎನ್ನುವವಳು.

ಸಂಗ್ರಹಿಸುವುದು ಎಂದರೆ ಕೊಲ್ಲುವುದು. ಇದನ್ನು ಮುಚ್ಚಿಟ್ಟು ಬರೆಯುವವರನ್ನು ಕಂಡರೆ ನನಗೆ ಕಿರಿಕಿರಿ. ಒಳ್ಳೆಯ ಫೋಟೊ ಸಾಲದೇ ಎಂದು ಕೇಳುವವರು ಬಹಳ. ಫೋಟೊದಲ್ಲಿ ನಾಲಿಗೆಯ ಆಕಾರ, ಬೆರಳುಗಳ ನಡುವಿನ ಜಾಲ, ಅಂಗೈಯ ಗಂಟುಗಳು, ಹೊಟ್ಟೆಯೊಳಗಿನ ಮೊಟ್ಟೆ ಇವೆಲ್ಲ ಸಿಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಐವತ್ತು ವರ್ಷಗಳ ನಂತರ ಯಾರೋ ಬಂದು ‘ನೀವು ಹೆಸರಿಟ್ಟದ್ದು ನಿಖರವಾಗಿ ಯಾವುದಕ್ಕೆ’ ಎಂದು ಕೇಳಿದರೆ ತೋರಿಸಲು ಒಂದು ಮೈ ಇರಬೇಕು. ಬೇಕಾದಷ್ಟೇ ತೆಗೆದುಕೊಳ್ಳುತ್ತೇವೆ, ಅನುಮತಿಯ ಮಿತಿಗಿಂತಲೂ ಕಡಿಮೆ. ಎಂಎಸ್-222 ಎಂಬ ಅರಿವಳಿಕೆಯ ದ್ರಾವಣದಲ್ಲಿಟ್ಟರೆ ಅದು ಚರ್ಮದ ಮೂಲಕವೇ ಇಳಿದು, ಕಪ್ಪೆ ಒದ್ದಾಟವಿಲ್ಲದೆ ಸಾಯುತ್ತದೆ.

ಅದಕ್ಕೆ ಮೊದಲು ಜೀವಂತವಾಗಿರುವಾಗಲೇ ಬಣ್ಣದ ಫೋಟೊಗಳಾಗಬೇಕು: ಬೆನ್ನು, ಹೊಟ್ಟೆ, ಕಣ್ಣಿನ ಪಾಪೆಯ ಸುತ್ತ, ಮುಖ್ಯವಾಗಿ ತೊಡೆಸಂದು. ಪೊದೆಗಪ್ಪೆಗಳ ಬೆನ್ನಿನ ಬಣ್ಣವನ್ನು ನಂಬಿದವರು ಕೆಟ್ಟರು. ಒಂದೇ ಪೊದೆಯಲ್ಲಿ ಒಂದೇ ಪ್ರಭೇದದ ಕಂದು, ಹಸಿರು, ಬೆನ್ನಿನ ಮೇಲೆ ಪಟ್ಟೆಯುಳ್ಳ ಗಂಡುಗಳು ಕೂತಿರುತ್ತವೆ. 2009ರಲ್ಲಿ ವರ್ಣಿಸಲಾದ ಒಂದು ಪ್ರಭೇದಕ್ಕೆ ಈ ಬಣ್ಣದ ಗೊಂದಲದಿಂದಲೇ ಕ್ರೋಮಾಸಿಂಕಿಸಿ ಎಂದು ಹೆಸರು ಬಂದಿದೆ. ಆದರೆ ಕಾಲು ಮಡಚಿದಾಗ ಮರೆಯಾಗುವ ತೊಡೆಸಂದಿನ ಚಿತ್ತಾರ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ನಮ್ಮ ಕಪ್ಪೆಗಳಲ್ಲಿ ಬೆನ್ನು ಯಾವ ಬಣ್ಣದ್ದಿದ್ದರೂ ಅಲ್ಲಿ ಕಪ್ಪು ನೆಲದ ಮೇಲೆ ತಿಳಿ ನೀಲಿಯ ಚುಕ್ಕೆಗಳಿದ್ದವು. ಆಲ್ಕೊಹಾಲ್‌ಗೆ ಹಾಕಿದ ಮೇಲೆ ನೀಲಿ ಮಾಯವಾಗಿ ಬರೀ ಬಿಳಚು ಉಳಿಯುತ್ತದೆ. ನೂರು ವರ್ಷ ಹಳೆಯ ಮಾದರಿಗಳ ಬಣ್ಣದ ವರ್ಣನೆ ಓದುವಾಗ ಇದು ನೆನಪಿರಬೇಕು. ಬರೆದವರು ನೋಡಿದ್ದು ಕಪ್ಪೆಯನ್ನೋ, ಸೀಸೆಯನ್ನೋ?

ಸತ್ತ ಮೇಲಿನ ಕೆಲಸಕ್ಕೆ ಕ್ರಮವಿದೆ, ಕ್ರಮ ತಪ್ಪಿದರೆ ಎಲ್ಲ ಹಾಳು. ಡಿಎನ್‌ಎಗಾಗಿ ಯಕೃತ್ತಿನ ಅಥವಾ ತೊಡೆಯ ಸ್ನಾಯುವಿನ ಚೂರನ್ನು ಮೊದಲು ತೆಗೆದು ಶುದ್ಧ ಎಥನಾಲ್‌ಗೆ ಹಾಕಬೇಕು, ಏಕೆಂದರೆ ಫಾರ್ಮಲಿನ್ ತಾಗಿದ ಡಿಎನ್‌ಎ ಚೂರುಚೂರಾಗುತ್ತದೆ. ನಂತರ ತಟ್ಟೆಯಲ್ಲಿ ಫಾರ್ಮಲಿನ್‌ನಲ್ಲಿ ನೆನೆಸಿದ ಬಟ್ಟೆಯ ಮೇಲೆ ಕಪ್ಪೆಯನ್ನು ಮಲಗಿಸಿ, ಚಿಮುಟದಿಂದ ಒಂದೊಂದೇ ಬೆರಳನ್ನು ಬಿಡಿಸಿ ಹರಡಬೇಕು. ಮೈ ಗಟ್ಟಿಯಾಗುವಾಗ ಬೆರಳು ಮುದುಡಿದರೆ ಆ ಪಾದವನ್ನು ಮುಂದೆ ಯಾರೂ ಸರಿಯಾಗಿ ಅಳೆಯಲಾರರು. ತೋಟದ ಲೈನ್ ಮನೆಯೊಂದರ ಅಡುಗೆಕಟ್ಟೆಯ ಮೇಲೆ, ಕರೆಂಟ್ ಹೋಗಿ ಬಂದು ಮಾಡುವಾಗ, ರಾತ್ರಿ ಎರಡರ ತನಕ ಇದೇ ಕೆಲಸ. ನಂಬರಿನ ಚೀಟಿಯನ್ನು ದಾರದಿಂದ ಮಂಡಿಯ ಕೆಳಗೆ ಕಟ್ಟುತ್ತೇವೆ. ಚೀಟಿಯ ಬರಹ ಪೆನ್ಸಿಲ್‌ನದ್ದು, ಏಕೆಂದರೆ ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲ್‌ನಲ್ಲಿ ಕರಗಿಹೋಗುತ್ತದೆ. ಕೊನೆಗೆ ಶೇಕಡಾ ಎಪ್ಪತ್ತರ ಪ್ರಮಾಣದ ಎಥನಾಲ್‌ನಲ್ಲಿ ಅದರ ಶಾಶ್ವತ ವಾಸ.

ಇಷ್ಟಾದರೆ ಕೈಯಲ್ಲಿರುವುದು ಒಂದು ಕಪ್ಪೆ ಮತ್ತು ಒಂದು ಅನುಮಾನ. ನಿಜವಾದ ಕೆಲಸ ಇಲ್ಲಿಂದ.

ರಾವೊರ್ಕೆಸ್ಟಿಸ್ ಕುಲದಲ್ಲಿ ಈಗ 70ಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಪಶ್ಚಿಮ ಘಟ್ಟದವು. ಇಷ್ಟೊಂದು ಯಾಕೆ ಎಂದರೆ, ಈ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ಹಾಗಾಗಿ ಹಳ್ಳ, ಕೆರೆಗಳ ಹಂಗಿಲ್ಲದೆ ಗುಡ್ಡದ ನೆತ್ತಿಯಲ್ಲೂ ಬದುಕುತ್ತವೆ. ಆದರೆ ಒಣ ಕಣಿವೆ ದಾಟಿ ಪಕ್ಕದ ಗುಡ್ಡಕ್ಕೆ ಹೋಗುವುದು ಅವುಗಳಿಗೆ ಆಗದ ಮಾತು. ಒಂದೊಂದು ಬೆಟ್ಟಸಾಲಿನಲ್ಲಿ ಸಿಕ್ಕಿಕೊಂಡವು ಲಕ್ಷಾಂತರ ವರ್ಷಗಳಲ್ಲಿ ಬೇರೆಬೇರೆಯಾದವು. ನಮ್ಮ ಕಪ್ಪೆ ಈ ಎಪ್ಪತ್ತರಲ್ಲಿ ಒಂದಲ್ಲ ಎಂದಷ್ಟೇ ತೋರಿಸಿದರೆ ಸಾಲದು. ಹಿಂದೆಂದೋ ಯಾರೋ ಇಟ್ಟು, ಆಮೇಲೆ ಮರೆತುಹೋದ, ಬೇರೆ ಹೆಸರಿನೊಳಗೆ ಮುಚ್ಚಿಹೋದ ಹೆಸರೂ ಅಲ್ಲ ಎಂದು ತೋರಿಸಬೇಕು. ಹಳೆಯ ಹೆಸರು ಸಿಕ್ಕಿದರೆ ಅದೇ ನಿಲ್ಲುತ್ತದೆ, ನಮ್ಮದು ಬಿದ್ದುಹೋಗುತ್ತದೆ.

ಕರ್ನಾಟಕದ ಮಲೆನಾಡಿನಲ್ಲಿ ಕೆಲಸ ಮಾಡುವ ಯಾರೇ ಆದರೂ ಇಲ್ಲಿ ಸಿ. ಆರ್. ನಾರಾಯಣ ರಾವ್ ಅವರನ್ನು ಎದುರಾಗಲೇಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1920ರಲ್ಲೂ 1937ರಲ್ಲೂ ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ವರ್ಣಿಸಿದರು. ಕೊಟ್ಟಿಗೆಹಾರ, ಕೆಂಪುಹೊಳೆ ಎಂಬ ನಮ್ಮ ಊರುಗಳ ಹೆಸರು ಪ್ರಾಣಿಶಾಸ್ತ್ರದ ಪುಟಗಳಿಗೆ ಹೋದದ್ದು ಅವರಿಂದ. 2010ರಲ್ಲಿ ಪೊದೆಗಪ್ಪೆಗಳಿಗೆ ಪ್ರತ್ಯೇಕ ಕುಲ ಮಾಡಿದಾಗ ರಾವೊರ್ಕೆಸ್ಟಿಸ್ ಎಂದು ಕರೆದದ್ದು ಅವರ ಗೌರವಕ್ಕಾಗಿಯೇ. ತೊಂದರೆ ಏನೆಂದರೆ, ಕಾಲೇಜಿನಲ್ಲಿ ಅವರು ಇಟ್ಟಿದ್ದ ಮೂಲ ಮಾದರಿಗಳು ಕಳೆದುಹೋಗಿವೆ. ಉಳಿದಿರುವುದು ಅವರು ಬರೆದದ್ದು ಮಾತ್ರ.

ಅವರ ಇಂಗ್ಲಿಷ್ ವರ್ಣನೆಗಳು ಚೊಕ್ಕ, ಆದರೆ ಆ ಕಾಲದವು. ‘ಮೂತಿ ದುಂಡಗೆ, ಚರ್ಮ ನಯ, ಬೆರಳ ತುದಿಯಲ್ಲಿ ಬಿಲ್ಲೆ’ ಎನ್ನುವಂಥ ಲಕ್ಷಣಗಳು ಇಂದಿನ ಹತ್ತು ಪ್ರಭೇದಗಳಿಗೆ ಹೊಂದುತ್ತವೆ. ಕೂಗಿನ ಮಾತೇ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಜೊತೆಗೆ ಕುಲಗಳೂ ಅದಲುಬದಲಾಗಿವೆ. ಅವರು 1937ರಲ್ಲಿ ಪೊದೆಗಪ್ಪೆಗಳ ಅಂದಿನ ಕುಲವಾದ ಫಿಲಾಟಸ್‌ಗೆ ಸೇರಿಸಿದ್ದ ಕೊಟ್ಟಿಗೆಹಾರದ ಕಪ್ಪೆ ಇಂದು ಮೈಕ್ರಿಕ್ಸಾಲಸ್ ಕೊಟ್ಟಿಗೆಹರೆನ್ಸಿಸ್, ಹಳ್ಳದ ಬಂಡೆಯ ಮೇಲೆ ಕಾಲು ಬೀಸಿ ಎದುರಾಳಿ ಗಂಡುಗಳಿಗೆ ಸಂಕೇತ ಕೊಡುವ ನರ್ತನದ ಕಪ್ಪೆ. ಹಾಗಾಗಿ ಅವರ ಫಿಲಾಟಸ್ ಪಟ್ಟಿಯ ಪ್ರತಿಯೊಂದನ್ನೂ ‘ಇದು ನಿಜಕ್ಕೂ ಪೊದೆಗಪ್ಪೆಯೇ’ ಎಂದು ಕೇಳುತ್ತ ಹೋದೆವು. ಮಾದರಿ ಇಲ್ಲದಿದ್ದಾಗ ಉಳಿದ ದಾರಿ, ಅವರು ಸಂಗ್ರಹಿಸಿದ ಊರಿಗೇ ಹೋಗಿ ಅಲ್ಲಿರುವ ಕಪ್ಪೆಗಳನ್ನು ನೋಡುವುದು. ಹಾಗೆ ಕೆಂಪುಹೊಳೆಯ ಕಾಡಿನ ಅಂಚಿನಲ್ಲೂ ಕೊಟ್ಟಿಗೆಹಾರದ ಹಳ್ಳಗಳಲ್ಲೂ ರಾತ್ರಿಗಳನ್ನು ಕಳೆದೆವು. ನಮ್ಮ ಕಪ್ಪೆಯ ಟಿಕ್-ಟಿಕ್ ಅಲ್ಲೆಲ್ಲೂ ಕೇಳಲಿಲ್ಲ. ಇಲ್ಲ ಎನ್ನುವುದನ್ನು ಸಾಬೀತು ಮಾಡುವುದು ಎಷ್ಟು ಬೇಸರದ ಕೆಲಸ ಎಂದು ಅಲ್ಲಿ ತಿಳಿಯಿತು.

ಇನ್ನೊಂದು ಕೊನೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪ್ರಾಣಿಶಾಸ್ತ್ರಜ್ಞರು. ಜೆರ್ಡನ್, ಗುಂಥರ್, ಬೌಲೆಂಜರ್ ವರ್ಣಿಸಿದ ಎಷ್ಟೋ ಮಾದರಿಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಅಲ್ಲಿಂದ ಫೋಟೊ ಮತ್ತು ಅಳತೆ ತರಿಸಿಕೊಳ್ಳಬಹುದು. ಆದರೆ ಆ ಕಾಲದ ಸೀಸೆಗಳ ಮೇಲೆ ಊರಿನ ಜಾಗದಲ್ಲಿ ‘ಮಲಬಾರ್’ ಎಂದಷ್ಟೇ ಇರುವುದುಂಟು. ಅವರ ಮಲಬಾರ್ ಎಂದರೆ ಘಟ್ಟದ ಯಾವ ಮೂಲೆಯೂ ಆಗಬಹುದು. 2003ರಲ್ಲಿ ಕುರಾಮೊಟೊ ಮತ್ತು ಜೋಶಿ ವರ್ಣಿಸಿದ ಲುಟಿಯೋಲಸ್ ಮತ್ತು ಟ್ಯುಬರೊಹ್ಯೂಮರಸ್ ಪ್ರಭೇದಗಳ ವಿಷಯದಲ್ಲಿ ಈ ಕಷ್ಟವಿಲ್ಲ. ಊರು ಖಚಿತ, ಕೂಗೂ ಗೊತ್ತು. ಹತ್ತಿರದವರನ್ನು ಬೇಗ ದಾಟಿದೆವು, ದೂರದವರು ಕಾಡಿದರು.

ಡಿಎನ್‌ಎಯ ಬಗ್ಗೆ ಜನರಿಗೆ ಅತಿಯಾದ ನಂಬಿಕೆ. ಕಪ್ಪೆಗಳಲ್ಲಿ ಸಾಮಾನ್ಯವಾಗಿ ಓದುವುದು ಜೀವಕೋಶದೊಳಗಿನ, ಆದರೆ ಕೋಶಕೇಂದ್ರದ ಹೊರಗಿನ, ಮೈಟೊಕಾಂಡ್ರಿಯದ 16ಎಸ್ ಎಂಬ ಜೀನಿನ ಒಂದು ತುಂಡು, ಸುಮಾರು ಐನೂರು ಅಕ್ಷರಗಳು. ಹತ್ತಿರದ ಪ್ರಭೇದದಿಂದ ಶೇಕಡಾ ಮೂರಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೊಸದಿರಬಹುದು ಎಂಬ ಅಂದಾಜಿನ ಗೆರೆ ಬಳಕೆಯಲ್ಲಿದೆ. ಅದು ಅಂದಾಜು, ಶಾಸನವಲ್ಲ. ನಮ್ಮದು ಆ ಗೆರೆಯ ಹತ್ತಿರವೇ ನಿಂತಿತ್ತು. ಗೆರೆ ದಾಟಿದ್ದರೂ ನಾನು ಅದೊಂದನ್ನೇ ನಂಬಿ ಹೆಸರಿಡುತ್ತಿರಲಿಲ್ಲ. ಮೈಟೊಕಾಂಡ್ರಿಯ ತಾಯಿಯ ಕಡೆಯಿಂದ ಮಾತ್ರ ಬರುವುದರಿಂದ ಅದು ಹೇಳುವುದು ಅರ್ಧ ಕಥೆ. ಆದ್ದರಿಂದ ಕೋಶಕೇಂದ್ರದ ಜೀನುಗಳನ್ನೂ ಓದಿಸಿದೆವು. ನಿರ್ಣಾಯಕವಾದದ್ದು ಕೊನೆಗೆ ಕೂಗು. ಡಿಎನ್‌ಎಯಲ್ಲಿ ಅತಿ ಹತ್ತಿರದ ಬಂಧುವಿನ ಕೂಗನ್ನು ಅದೇ ಉಷ್ಣಾಂಶದ ಆಸುಪಾಸಿನಲ್ಲಿ ಮುದ್ರಿಸಿ, ಕಂಪ್ಯೂಟರ್ ಪರದೆಯ ಮೇಲೆ ಎರಡನ್ನೂ ಒಂದರ ಕೆಳಗೊಂದು ಹರಡಿದಾಗ ಅನುಮಾನ ಉಳಿಯಲಿಲ್ಲ. ಒಂದರದ್ದು ಒಂದೇ ಉದ್ದ ಮಿಡಿತ, ನಮ್ಮದರದ್ದು ಎರಡು ಮೊಟಕು ಮಿಡಿತ. ಹೆಣ್ಣು ಗಂಡನ್ನು ಗುರುತಿಸುವುದು ಕೂಗಿನಿಂದ. ಎರಡು ಗುಂಪುಗಳು ಒಂದೇ ಇಳಿಜಾರಿನಲ್ಲಿ ಇದ್ದೂ ಬೇರೆಬೇರೆ ಕೂಗುತ್ತಿದ್ದರೆ, ತಾವು ಬೇರೆ ಎಂದು ಅವೇ ಹೇಳುತ್ತಿವೆ.

ಹೆಣ್ಣುಗಳನ್ನು ಹುಡುಕುವುದೇ ದೊಡ್ಡ ಗೋಳು. ಅವು ಕೂಗುವುದಿಲ್ಲ. ಗಂಡಿನ ಹತ್ತಿರ ಬಂದು ಕೂತಾಗ ಸಿಕ್ಕರೆ ಉಂಟು. ಹೊಟ್ಟೆಯ ತೆಳು ಚರ್ಮದ ಮೂಲಕ ಬೆಳ್ಳಗಿನ ಮೊಟ್ಟೆಗಳು ಕಾಣುತ್ತಿದ್ದ ಹೆಣ್ಣೊಂದು ಸಿಕ್ಕಿದ ರಾತ್ರಿ, ವಾಚರ್ ಅಣ್ಣ ಚಹಾದ ಫ್ಲಾಸ್ಕನ್ನೇ ಮೇಲೆತ್ತಿ ಕುಣಿದರು.

ಅಳತೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಓದುವವರಿಗೂ ಅಳೆಯುವವರಷ್ಟೇ ಬೇಸರವಾಗುತ್ತದೆ. ಮೂತಿಯಿಂದ ಗುದದವರೆಗಿನ ಉದ್ದ, ತಲೆಯ ಅಗಲ, ಕಣ್ಣುಗಳ ನಡುವಿನ ಅಂತರ, ತೊಡೆ, ಕಣಕಾಲು, ಪಾದ, ಬೆರಳ ಬಿಲ್ಲೆ. ಎಲ್ಲವೂ ಬಲಬದಿಯಿಂದಲೇ, ಡಿಜಿಟಲ್ ಕ್ಯಾಲಿಪರ್‌ನಿಂದ, ಒಬ್ಬರೇ ಅಳೆಯಬೇಕು. ಎರಡು ಸೆಂಟಿಮೀಟರಿನ ಕಪ್ಪೆಯಲ್ಲಿ ಇಬ್ಬರ ಕೈಯ ವ್ಯತ್ಯಾಸವೇ ಎರಡು ಪ್ರಭೇದಗಳ ವ್ಯತ್ಯಾಸದಷ್ಟು ಬಂದುಬಿಡಬಹುದು. ಅಳೆದವುಗಳಲ್ಲಿ ಒಂದು ಬೆಳೆದ ಗಂಡನ್ನು ಹೊಲೊಟೈಪ್ ಎಂದು ಆರಿಸಿದೆವು. ಹೆಸರು ಕಾನೂನಿನ ಪ್ರಕಾರ ಅಂಟಿಕೊಳ್ಳುವುದು ಆ ಒಂದು ದೇಹಕ್ಕೆ, ಉಳಿದವು ಪ್ಯಾರಾಟೈಪ್‌ಗಳು. 2002ರ ಜೀವವೈವಿಧ್ಯ ಕಾಯ್ದೆಯಂತೆ ಹೊಸ ಪ್ರಭೇದದ ಮಾದರಿಗಳನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರದಲ್ಲೇ ಇಡಬೇಕು. ಸೆಂಟ್ರಲ್ ಕಾಲೇಜಿನ ಸೀಸೆಗಳ ಗತಿ ತಿಳಿದವಳಾಗಿ ಈ ನಿಯಮಕ್ಕೆ ಎರಡು ಕೈ ಎತ್ತಿ ಮುಗಿಯುತ್ತೇನೆ.

ಹೆಸರಿಡುವುದು ಹೊರಗಿನವರಿಗೆ ಬಹಳ ಮೋಜಿನ ಭಾಗ. ನಮ್ಮ ತಂಡದಲ್ಲಿ ಜಗಳವೂ ಆಯಿತು. ನಿಯಮಗಳು ಸರಳ: ಲ್ಯಾಟಿನ್ ಅಕ್ಷರ, ಕುಲದ ಲಿಂಗಕ್ಕೆ ಹೊಂದುವ ಗುಣವಾಚಕ, ಗಂಡಸಿನ ಗೌರವಕ್ಕಾದರೆ ಒಂದು ಪ್ರತ್ಯಯ, ಹೆಂಗಸಿಗಾದರೆ ಇನ್ನೊಂದು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದನ್ನು ಯಾವ ನಿಯಮವೂ ತಡೆಯುವುದಿಲ್ಲ, ಮರ್ಯಾದೆ ತಡೆಯುತ್ತದೆ. ಯಾರದೋ ಪ್ರಾಯೋಜಕರ ಹೆಸರಿಡುವ ಪ್ರಸ್ತಾಪ ಬಂದಾಗ ನಾನು ಒಪ್ಪಲಿಲ್ಲ. 2014ರಲ್ಲಿ ಮೊಟ್ಟೆಗಳಿಗೆ ಕೆಸರು ಮೆತ್ತುವ ರಾತ್ರಿಗಪ್ಪೆಗೆ ಗುರುರಾಜ ಮತ್ತು ಸಂಗಡಿಗರು ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಕಪ್ಪೆ ಮಾಡುವ ಕೆಲಸವೇ ಹೆಸರಾಗುವ ಆ ದಾರಿ ನನಗೆ ಇಷ್ಟ. ನಮ್ಮದೂ ಅಂಥದ್ದೇ, ಇಷ್ಟು ಹೇಳಬಹುದು.

ಪ್ರಬಂಧ ಪರಿಶೀಲಕರ ಕೈಗೆ ಹೋದ ಮೇಲೆ ಮೊದಲ ಸುತ್ತಿನಲ್ಲಿ ಬಂದ ಟೀಕೆಗಳು ನಮ್ಮ ಪ್ರಬಂಧಕ್ಕಿಂತ ಕೆಲವೇ ಪುಟ ಕಡಿಮೆ. ಒಬ್ಬರು ಪಕ್ಕದ ಬೆಟ್ಟಸಾಲಿನ ಕೂಗನ್ನೂ ಸೇರಿಸಿ ಎಂದರು. ಅದು ನ್ಯಾಯವಾದ ಮಾತು, ಇನ್ನೊಂದು ಮಳೆಗಾಲ ಅದಕ್ಕೇ ಹೋಯಿತು. ಇನ್ನೊಬ್ಬರು ಜಾಗದ ನಿಖರ ಅಕ್ಷಾಂಶ ರೇಖಾಂಶ ಅಚ್ಚಿನಲ್ಲೇ ಇರಬೇಕು, ಇಲ್ಲದಿದ್ದರೆ ಮುಂದಿನವರು ಹೇಗೆ ಪರೀಕ್ಷಿಸಿಯಾರು ಎಂದರು. ತಾತ್ವಿಕವಾಗಿ ಅವರು ಸರಿ. ‘ಮಲಬಾರ್’ ಎಂದಷ್ಟೇ ಬರೆದವರನ್ನು ಅಷ್ಟು ಬೈದ ನಾನೇ ಊರು ಮರೆಮಾಡುವುದು ವಿಚಿತ್ರವಾಗಿಯೇ ಕಾಣುತ್ತದೆ. ಆದರೆ ರಸ್ತೆಯಿಂದ ಆ ಇಳಿಜಾರಿಗೆ ಕೂಗಳತೆಯ ದೂರ. ಕ್ಯಾಮೆರಾ ಹಿಡಿದವರು ಪೊದೆಗಳನ್ನು ಮುರಿದು, ಕಪ್ಪೆಯನ್ನು ಎಲೆಯಿಂದ ಎಲೆಗೆ ಎತ್ತಿಟ್ಟು ಫೋಟೊ ತೆಗೆಯುವುದನ್ನು ಬೇರೆ ಕಡೆ ಕಂಡಿದ್ದೇನೆ. ಒಂದು ಜಾಗದ ರೋಗವನ್ನು ಇನ್ನೊಂದಕ್ಕೆ ಒಯ್ಯಬಾರದೆಂದು ನಾವು ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವಾಗ ಬೂಟುಗಳನ್ನು ಕ್ರಿಮಿನಾಶಕದಲ್ಲಿ ತೊಳೆಯುತ್ತೇವೆ; ರಜೆಗೆ ಬಂದವರಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಕೊನೆಗೆ ತಾಲ್ಲೂಕು ಮತ್ತು ಎತ್ತರವನ್ನು ಅಚ್ಚಿನಲ್ಲಿ ಕೊಟ್ಟು, ನಿಖರ ಅಂಕಿಗಳನ್ನು ಭಂಡಾರದ ದಾಖಲೆ ಪುಸ್ತಕದಲ್ಲಿ ಬರೆದೆವು. ಬೇಕಾದ ಸಂಶೋಧಕರು ಅಲ್ಲಿ ಕೇಳಿ ಪಡೆಯಬಹುದು. ಪರಿಶೀಲಕರು ಗೊಣಗಿಕೊಂಡೇ ಒಪ್ಪಿದರು.

ಸಂಪಾದಕರ ಕೊನೆಯ ಪತ್ರದಲ್ಲಿ ಉಳಿದಿದ್ದು ಎರಡೇ: ಪಾದದ ಚಿತ್ರದ ಪಕ್ಕದ ಅಳತೆಪಟ್ಟಿ ದಪ್ಪವಾಗಲಿ, ಹೆಣ್ಣಿನ ವರ್ಣನೆ ಪ್ರತ್ಯೇಕ ಪ್ಯಾರಾ ಆಗಲಿ. ಎರಡನ್ನೂ ಮಾಡಿ ಕಳಿಸಿದ್ದೇವೆ.